ಸಮಾಜ ವಿಜ್ಞಾನ ನಮ್ಮ ಮಕ್ಕಳಿಗೆ ಬೇಡವಾದದ್ದು ಹೇಗೆ?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮ ಸಮಾಜದ ಸಭಾಂಗಣಗಳಲ್ಲಿ ಪ್ರತಿಭಾ ಪುರಸ್ಕಾರದ ಹಂಗಾಮು ತೊಡಗುತ್ತದೆ. ಕಳೆದ ಬಾರಿ ನಾಗಪುರದಲ್ಲಿ ನಡೆದ ಅಂತಹ ಒಂದು ಸಮಾರಂಭದಲ್ಲಿ ನಾನೂ ವೇದಿಕೆಯ ಮೇಲಿದ್ದೆ. ಚಾರ್ಟರ್ಡ್ ಅಕೌಂಟೆಂಟ್ ಆದವನಿಗೆ ನಮ್ಮವರಲ್ಲಿ ಶಾಲು ಸುಲಭವಾಗಿ ದೊರೆಯುತ್ತದೆ. ನಿರೂಪಕರು ಬಂದ ಮಕ್ಕಳನ್ನೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮುಂದೆ ಸೈನ್ಸೋ, ಕಾಮರ್ಸೋ?" ಬೆಳಗಾವಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬವೊಂದರ ಹುಡುಗಿ, ಸಮಾಜ ವಿಜ್ಞಾನದಲ್ಲಿ ನೂರಕ್ಕೆ 97 ಅಂಕ ಪಡೆದವಳು, "ಇತಿಹಾಸ, ರಾಜ್ಯಶಾಸ್ತ್ರ" ಎಂದಳು. ಸಭೆ ನಕ್ಕಿತು. ಹಿರಿಯ ಟ್ರಸ್ಟಿಯೊಬ್ಬರು ಮೈಕು ತೆಗೆದುಕೊಂಡು, "ಇಷ್ಟು ಒಳ್ಳೆಯ ಅಂಕ ಬಂದಿದೆಯಲ್ಲ ಬೇಟಾ, ಆರ್ಟ್ಸ್ ಏಕೆ?" ಎಂದರು. ಹುಡುಗಿ ತಲೆ ತಗ್ಗಿಸಿದಳು. ಆಕೆಯ ತಂದೆ ನನ್ನತ್ತ ನೋಡಿದರು. ನಾನು ಒಂದು ಮಾತನ್ನೂ ಆಡಲಿಲ್ಲ.

ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ನನ್ನ ವಾದ ಸರಳವಾಗಿದೆ. ನಮ್ಮ ಮಕ್ಕಳು ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದದಂತೆ ತಡೆಯುತ್ತಿರುವುದು ಸರ್ಕಾರವಲ್ಲ, ಪರೀಕ್ಷಾ ಮಂಡಳಿಯೂ ಅಲ್ಲ, ತಡೆಯುತ್ತಿರುವವರು ನಾವೇ. ಇದರ ಬೆಲೆಯನ್ನು ಆ ಹುಡುಗಿಯೊಬ್ಬಳಲ್ಲ, ಇಡೀ ಸಮಾಜ ತೆರುತ್ತಿದೆ.

ಮೊದಲು ಇರುವ ಆಯ್ಕೆಗಳನ್ನು ನೋಡೋಣ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹತ್ತನೆಯ ತರಗತಿಯಲ್ಲಿ ಇತಿಹಾಸ ಮತ್ತು ರಾಜ್ಯಶಾಸ್ತ್ರಕ್ಕೆ 40 ಅಂಕ, ಭೂಗೋಳಕ್ಕೆ 40 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಅಲ್ಲಿಯವರೆಗೆ ಆಯ್ಕೆಯ ಮಾತಿಲ್ಲ, ಎಲ್ಲರೂ ಓದಲೇಬೇಕು. ಹನ್ನೊಂದನೆಯ ತರಗತಿಗೆ ಬಂದಾಗ ದಾರಿ ಕವಲೊಡೆಯುತ್ತದೆ. ಕಲಾ ವಿಭಾಗದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ, ತತ್ತ್ವಶಾಸ್ತ್ರ, ತರ್ಕಶಾಸ್ತ್ರಗಳು ಲಭ್ಯವಿವೆ. ಕರ್ನಾಟಕದ ನಮ್ಮ ಬಂಧುಗಳಿಗೆ ಇದೇ ಪಿ.ಯು.ಸಿ.ಯ 'ಹೆಚ್.ಇ.ಪಿ.ಎಸ್.' ಎಂದರೆ ಥಟ್ಟನೆ ತಿಳಿಯುತ್ತದೆ. ಕೇಂದ್ರೀಯ ಮಂಡಳಿಯ ಶಾಲೆಗಳಲ್ಲಿ, ಶಾಲೆ ಮನಸ್ಸು ಮಾಡಿದರೆ, ಗಣಿತದ ಜೊತೆಗೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಕೂಡಿಸಿ ಓದಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಕಲೆ ಮತ್ತು ವಿಜ್ಞಾನಗಳ ನಡುವಿನ ಗೋಡೆ ಇರಬಾರದೆಂದೇ ಹೇಳುತ್ತದೆ.

ಈ ವಿಷಯಗಳನ್ನು ಆರಿಸಿಕೊಂಡರೆ ಯಾವ ಬಾಗಿಲು ಮುಚ್ಚುತ್ತದೆ? ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಬಾಗಿಲುಗಳು ಮುಚ್ಚುತ್ತವೆ. ಇದನ್ನು ಮರೆಮಾಚುವುದು ಸರಿಯಲ್ಲ. ದೇಹರಚನೆಯಲ್ಲಿ, ಯಂತ್ರಗಳಲ್ಲಿ ನಿಜವಾದ ಆಸಕ್ತಿಯಿರುವ ಮಗು ವಿಜ್ಞಾನವನ್ನೇ ಓದಲಿ. ಆದರೆ ನನ್ನ ವೃತ್ತಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಸಿ.ಎ. ಫೌಂಡೇಶನ್ ಪರೀಕ್ಷೆಗೆ ಕುಳಿತುಕೊಳ್ಳಲು ಹನ್ನೆರಡನೆಯ ತರಗತಿಯನ್ನು ವಾಣಿಜ್ಯ ವಿಭಾಗದಲ್ಲೇ ಮುಗಿಸಿರಬೇಕೆಂಬ ನಿಯಮವಿಲ್ಲ. ಯಾವ ವಿಭಾಗವಾದರೂ ಸರಿ. ಐದು ವರ್ಷದ ಕಾನೂನು ಪದವಿಗೂ ಹಾಗೆಯೇ. ಮಹಾರಾಷ್ಟ್ರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದು ನಮ್ಮ ನಾಗಪುರದಲ್ಲೇ ಇದೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಯಾವುದೇ ಪದವಿ ನಡೆಯುತ್ತದೆ, ಮತ್ತು ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಬಹುಭಾಗ ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ, ಸಮಾಜಗಳಿಗೆ ಸೇರಿದ್ದು. ನಾವು ಮಗುವಿಗೆ ಹದಿನಾರನೆಯ ವಯಸ್ಸಿನಲ್ಲಿ "ದಡ್ಡರ ವಿಷಯ" ಎಂದು ಬಿಡಿಸಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದೇ ವಿಷಯವನ್ನು ಲಕ್ಷಗಟ್ಟಲೆ ಶುಲ್ಕ ತೆತ್ತು ದೆಹಲಿಯ ಕೋಚಿಂಗ್ ತರಗತಿಯಲ್ಲಿ ಕಲಿಸುತ್ತೇವೆ. ಲೆಕ್ಕ ಬರುವವನಾಗಿ ಹೇಳುತ್ತೇನೆ: ಇದಕ್ಕಿಂತ ಕೆಟ್ಟ ಹೂಡಿಕೆ ಬೇರೊಂದಿಲ್ಲ.

ಇಷ್ಟು ವ್ಯಕ್ತಿಯ ಮಾತಾಯಿತು. ಇನ್ನು ಸಮಾಜದ ಮಾತು.

ಕಳೆದ ಎರಡು ದಶಕಗಳಲ್ಲಿ ಜೈನರನ್ನು ಅತ್ಯಂತ ಕಾಡಿದ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಒಂದಾದರೂ ಭೌತಶಾಸ್ತ್ರದ ಪ್ರಶ್ನೆಯಾಗಿತ್ತೇ? 2005ರಲ್ಲಿ ಬಾಳ್ ಪಾಟೀಲ್ ಪ್ರಕರಣದಲ್ಲಿ, ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸುವಂತೆ ಕೇಂದ್ರಕ್ಕೆ ನಿರ್ದೇಶನ ನೀಡಲು ಸುಪ್ರೀಂ ಕೋರ್ಟ್ ನಿರಾಕರಿಸಿತು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಆ ಮಾನ್ಯತೆ ನೀಡಿತು. ನಮ್ಮಲ್ಲಿ ಎಷ್ಟು ಜನ ಈ ಎರಡು ಘಟನೆಗಳ ನಡುವಿನ ಸಂವಿಧಾನದ ತರ್ಕವನ್ನು ವಿವರಿಸಬಲ್ಲರು? ಅಲ್ಪಸಂಖ್ಯಾತ ಎಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನಿರ್ಧರಿಸಬೇಕೆಂಬ ತೀರ್ಪು 2002ರಲ್ಲಿ ಬಂದದ್ದು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ. ಕನ್ನಡ ನಾಡಿನಿಂದಲೇ ಹೋದ ಪ್ರಕರಣವದು. ಕನ್ನಡ ಜೈನರಾದ ನಮಗೆ ಅದರ ಪರಿಚಯವಿಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ, ಅಂದರೆ ನಮ್ಮ ಸಲ್ಲೇಖನ, ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಿತು. ದೇಶಾದ್ಯಂತ ಮೌನ ಮೆರವಣಿಗೆಗಳು ನಡೆದವು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ನಾವು ನಿಟ್ಟುಸಿರುಬಿಟ್ಟು ಅಂಗಡಿಗಳಿಗೆ ಮರಳಿದೆವು. ಆದರೆ ಆ ತೀರ್ಪು ನಿಂತದ್ದು ಒಂದು ಪ್ರಶ್ನೆಯ ಮೇಲೆ: ಸಲ್ಲೇಖನವು ಜೈನಧರ್ಮದ ಅತ್ಯಗತ್ಯ ಆಚರಣೆಯೇ? ಈ 'ಅತ್ಯಗತ್ಯ ಆಚರಣೆ' ಎಂಬ ಅಳತೆಗೋಲು ಹುಟ್ಟಿದ್ದು 1954ರ ಶಿರೂರು ಮಠದ ಪ್ರಕರಣದಲ್ಲಿ. ಆ ಶಿರೂರು ಉಡುಪಿಯ ಅಷ್ಟಮಠಗಳಲ್ಲೊಂದು. ಆ ಪ್ರಶ್ನೆಗೆ ಉತ್ತರ ಹುಡುಕಬಹುದಾದ ಬಹುದೊಡ್ಡ ಐತಿಹಾಸಿಕ ಸಾಕ್ಷ್ಯವಿರುವುದಾದರೂ ಎಲ್ಲಿ? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಕನ್ನಡ ಲಿಪಿಯಲ್ಲಿ. ಆ ಶಾಸನಗಳನ್ನು ಮೊದಲು ಸಂಗ್ರಹಿಸಿ 1889ರಲ್ಲಿ ಪ್ರಕಟಿಸಿದವರು ಬಿ.ಎಲ್. ರೈಸ್, 1923ರಲ್ಲಿ ಪರಿಷ್ಕರಿಸಿದವರು ಆರ್. ನರಸಿಂಹಾಚಾರ್ಯರು, ಅವುಗಳ ಆಧಾರದಿಂದ ಸಲ್ಲೇಖನದ ಕುರಿತು ಎರಡು ಮಹತ್ವದ ಗ್ರಂಥಗಳನ್ನು ಬರೆದವರು ಧಾರವಾಡದ ಇತಿಹಾಸಕಾರ ಷ. ಶೆಟ್ಟರ್. ಈ ಮೂವರಲ್ಲಿ ಒಬ್ಬರೂ ಜೈನರಲ್ಲ. ಅವರಿಗೆ ನಮ್ಮ ಸಮಾಜ ಎಂದೆಂದಿಗೂ ಋಣಿ. ಆದರೆ ನಮ್ಮ ಮುನಿಗಳ ಮರಣದ ಅರ್ಥವನ್ನೂ ಪರರು ಓದಿ ಹೇಳಬೇಕಾಯಿತಲ್ಲ ಎಂಬ ಸಂಕೋಚವಾದರೂ ನಮಗಿರಬೇಡವೇ?

ವಿದರ್ಭದ ಮಾತಿಗೆ ಬರೋಣ. ವಾಶಿಮ್ ಜಿಲ್ಲೆಯ ಶಿರಪುರದ ಅಂತರಿಕ್ಷ ಪಾರ್ಶ್ವನಾಥನ ಬಾಗಿಲು 1981ರಿಂದ ಮುಚ್ಚಿತ್ತು. ದಿಗಂಬರರಿಗೂ ಶ್ವೇತಾಂಬರರಿಗೂ ನಡುವಿನ ಆ ವ್ಯಾಜ್ಯ 1929ರಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. ಸುಪ್ರೀಂ ಕೋರ್ಟಿನ ಆದೇಶದಿಂದ 2023ರಲ್ಲಿ ಬಾಗಿಲು ತೆರೆಯಿತು. ನಾಲ್ಕು ದಶಕಗಳ ಕಾಲ ಅನೇಕಾಂತವಾದದ ವಾರಸುದಾರರು ತಮ್ಮ ತೀರ್ಥಂಕರನನ್ನೇ ಬೀಗದೊಳಗೆ ಇಟ್ಟಿದ್ದರು. ಮತ್ತೊಂದು ಪಕ್ಷದ ಇತಿಹಾಸವನ್ನು ದ್ವೇಷವಿಲ್ಲದೆ ಓದಬಲ್ಲ, ದಾಖಲೆಗಳನ್ನು ಎದುರಿಗಿಟ್ಟು ಮಾತನಾಡಬಲ್ಲ ಹತ್ತು ಜನ ಎರಡೂ ಕಡೆ ಇದ್ದಿದ್ದರೆ ಇಷ್ಟು ಕಾಲ ಹಿಡಿಯುತ್ತಿತ್ತೇ? ವಕೀಲರ ಶುಲ್ಕಕ್ಕೆ ಹಣ ಕೂಡಿಸುವುದರಲ್ಲಿ ನಾವು ನಿಪುಣರು. ವಕೀಲರಿಗೆ ಏನು ಹೇಳಬೇಕೆಂದು ತಿಳಿದವರನ್ನು ಬೆಳೆಸುವುದರಲ್ಲಿ ಅಲ್ಲ.

"ಪಠ್ಯಪುಸ್ತಕದಲ್ಲಿ ನಮ್ಮ ಧರ್ಮಕ್ಕೆ ಎರಡು ಪುಟವೂ ಇಲ್ಲ" ಎಂಬುದು ನಮ್ಮವರ ನಿತ್ಯದ ದೂರು. ಪ್ರತಿ ವರ್ಷ ಯಾರಾದರೊಬ್ಬರು ಮನವಿಪತ್ರ ಬರೆಯುತ್ತಾರೆ, ವಾಟ್ಸ್ಯಾಪಿನಲ್ಲಿ ಅದು ಹರಿದಾಡುತ್ತದೆ. ಪಠ್ಯಪುಸ್ತಕವನ್ನು ಬರೆಯುವವರು ಯಾರು? ಪುಣೆಯ ಬಾಲಭಾರತಿಯಲ್ಲಾಗಲಿ ದೆಹಲಿಯ ಎನ್.ಸಿ.ಇ.ಆರ್.ಟಿ.ಯಲ್ಲಾಗಲಿ ಇತಿಹಾಸದ ಸಮಿತಿಯಲ್ಲಿ ಕುಳಿತುಕೊಳ್ಳುವವರು ಇತಿಹಾಸವನ್ನು ಓದಿದವರು. ನಮ್ಮ ಮಕ್ಕಳಿಗೆ ಇತಿಹಾಸ ಬೇಡ. ಇತಿಹಾಸದಲ್ಲಿ ಮಾತ್ರ ನಾವಿರಬೇಕು. ಇದೆಂತಹ ನ್ಯಾಯ?

ಕೆಲವರು "ಇದು ನಮ್ಮ ಪರಂಪರೆಯಲ್ಲ, ನಾವು ವ್ಯಾಪಾರಿಗಳು" ಎನ್ನುತ್ತಾರೆ. ತಪ್ಪು. ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದ ಷಟ್ಖಂಡಾಗಮದ ಧವಲಾ ಟೀಕೆ ಅಚ್ಚಾಗಿ ಹೊರಬರಲು ಆರಂಭವಾದದ್ದು 1939ರಲ್ಲಿ, ನಾಗಪುರಕ್ಕೆ ಸಮೀಪದ ಅಮರಾವತಿಯಿಂದ. ಸಂಪಾದಿಸಿದವರು ಅಲ್ಲಿನ ಕಾಲೇಜಿನ ಅಧ್ಯಾಪಕ ಡಾ. ಹೀರಾಲಾಲ್ ಜೈನ್. ಹದಿನಾರು ಸಂಪುಟಗಳ ಆ ಕಾರ್ಯ ಕನ್ನಡದ ಕರಾವಳಿಯನ್ನೂ ವಿದರ್ಭವನ್ನೂ ಒಂದು ದಾರದಲ್ಲಿ ಪೋಣಿಸಿತು. ಅವರ ಜೊತೆಗೂಡಿ ಗ್ರಂಥಮಾಲೆಗಳನ್ನು ನಡೆಸಿದ ಡಾ. ಆ.ನೇ. ಉಪಾಧ್ಯೆ ಸದಲಗದವರು, ಕೊಲ್ಹಾಪುರದಲ್ಲಿ ಪಾಠ ಹೇಳುತ್ತ ಪ್ರಾಕೃತ ವಿದ್ವತ್ತಿನಲ್ಲಿ ಜಗತ್ತಿನ ಮನ್ನಣೆ ಪಡೆದು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸೊಲ್ಲಾಪುರದಲ್ಲಿ ಹುಟ್ಟಿದ ವಿಲಾಸ ಸಂಗವೆ 1959ರಲ್ಲಿ ಜೈನ ಸಮಾಜದ ಸಾಮಾಜಿಕ ಸಮೀಕ್ಷೆಯನ್ನು ಪುಸ್ತಕವಾಗಿ ಹೊರತಂದರು. ಜೈನ ಸಮಾಜದ ಕುರಿತು ಬರೆಯುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ. 1899ರಲ್ಲಿ ಆರಂಭವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಬೆಳೆಸಿದ ಅಣ್ಣಾಸಾಹೇಬ ಲಠ್ಠೆಯವರು ಮುಂದೆ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವೂರಾವ ಪಾಟೀಲರೂ ಜೈನರೇ. ನಮ್ಮ ಅಜ್ಜಂದಿರ ಕಾಲದಲ್ಲಿ ಸಮಾಜವನ್ನು ಓದುವುದು, ಸಮಾಜಕ್ಕಾಗಿ ಓದುವುದು ಮಾನದ ಕೆಲಸವಾಗಿತ್ತು. ಅದನ್ನು ಅವಮಾನದ ಕೆಲಸವಾಗಿಸಿದ್ದು ನಮ್ಮ ತಲೆಮಾರು.

ಏಕೆ ಹೀಗಾಯಿತು? ಹಣ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ: ಈ ವಿಷಯಗಳು ಪ್ರಶ್ನೆ ಕೇಳಲು ಕಲಿಸುತ್ತವೆ, ಮತ್ತು ಪ್ರಶ್ನೆ ಮೊದಲು ಮನೆಯೊಳಗೇ ಬರುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರು ಸುಮಾರು 44.5 ಲಕ್ಷ. ಹತ್ತು ವರ್ಷಗಳಲ್ಲಿ ನಮ್ಮ ಸಂಖ್ಯೆ ಬೆಳೆದದ್ದು ಶೇಕಡ 5.4 ಮಾತ್ರ, ದೇಶ ಬೆಳೆದದ್ದು ಶೇಕಡ 17.7. ಈ ಅಂಕಿಯನ್ನು ಹಿಡಿದು ಚಾತುರ್ಮಾಸ್ಯದ ಪ್ರವಚನಗಳಲ್ಲಿ "ಹೆಚ್ಚು ಮಕ್ಕಳನ್ನು ಹೆರಿರಿ" ಎಂಬ ಉಪದೇಶ ಕೇಳಿಬರುತ್ತದೆ. ಅದೇ ಜನಗಣತಿಯ ಇನ್ನೊಂದು ಅಂಕಿಯನ್ನು ವೇದಿಕೆಯ ಮೇಲೆ ಯಾರೂ ಓದಿದ್ದನ್ನು ನಾನು ಕೇಳಿಲ್ಲ: ಆರು ವರ್ಷದವರೆಗಿನ ಜೈನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 889. ಇದು ದೇಶದ ಸರಾಸರಿಗಿಂತ ಕಡಿಮೆ. ಇರುವೆಯ ಪ್ರಾಣಕ್ಕೂ ಹೆದರಿ ರಾತ್ರಿ ಊಟ ಬಿಡುವ ಸಮಾಜದಲ್ಲಿ, ಸಾಕ್ಷರತೆಯಲ್ಲಿ ದೇಶಕ್ಕೇ ಮೊದಲಾದ ಸಮಾಜದಲ್ಲಿ, ಈ ಹೆಣ್ಣುಮಕ್ಕಳು ಎಲ್ಲಿ ಹೋದರು? ಸಮಾಜಶಾಸ್ತ್ರ ಓದಿದ ಹದಿನೇಳರ ಹುಡುಗಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾಳೆ. ಜಾತಿಯಿಲ್ಲದ ಧರ್ಮದಲ್ಲಿ ಪಂಚಮ, ಚತುರ್ಥರೆಂದು ಸಂಬಂಧ ನೋಡುವುದೇಕೆ ಎಂದೂ ಕೇಳುತ್ತಾಳೆ. ಸಭೆ ಆ ದಿನ ನಕ್ಕದ್ದರಲ್ಲಿ ಈ ಅಂಜಿಕೆಯೂ ಸೇರಿತ್ತೆಂದು ನನ್ನ ಸಂಶಯ.

ಈ ಅಜ್ಞಾನದ ಖರ್ಚನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಊರಿನ ಕಡೆಯ ಬಸದಿಯೊಂದರ ಜೀರ್ಣೋದ್ಧಾರದ ಲೆಕ್ಕ ನೋಡಿಕೊಡಲು ಬಂಧುಗಳು ಕೇಳಿದರು. ಓಚರುಗಳ ನಡುವೆ "ಹಳೆಯ ಕಲ್ಲು ತೆಗೆದ ಕೂಲಿ" ಎಂಬ ಒಂದು ಚೀಟಿಯಿತ್ತು. ವಿಚಾರಿಸಿದರೆ, ಮೆಟ್ಟಿಲ ಪಕ್ಕದಲ್ಲಿ ಅಕ್ಷರಗಳಿದ್ದ ಕಲ್ಲೊಂದನ್ನು ಒಡೆದು ಅಡಿಪಾಯಕ್ಕೆ ತುಂಬಿ, ಮೇಲೆ ರಾಜಸ್ಥಾನದ ಅಮೃತಶಿಲೆ ಹಾಸಿದ್ದರು. ಯಾರಿಗೂ ದುರುದ್ದೇಶವಿರಲಿಲ್ಲ. ಅದು ಶಾಸನವಿರಬಹುದೆಂದು ಹೇಳುವವರು ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ, ಅಷ್ಟೆ. ಲೆಕ್ಕ ಸರಿಯಾಗಿತ್ತು, ನಾನು ಸಹಿ ಹಾಕಿದೆ. ಇಂದು ಮಹಾರಾಷ್ಟ್ರದ ಹತ್ತನೆಯ ತರಗತಿಯ ಇತಿಹಾಸ ಪುಸ್ತಕದಲ್ಲಿ ಪಾರಂಪರಿಕ ಸೊತ್ತುಗಳ ನಿರ್ವಹಣೆಯ ಕುರಿತೇ ಒಂದು ಪಾಠವಿದೆ. ನಮ್ಮ ಮಕ್ಕಳು ಅದನ್ನು ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಪುಸ್ತಕವನ್ನು ರದ್ದಿಗೆ ಹಾಕುತ್ತಾರೆ. ಆ ಒಂದು ಪಾಠವನ್ನು ಓದಿದ ಒಬ್ಬ ಟ್ರಸ್ಟಿ ಇದ್ದಿದ್ದರೆ ಆ ಕಲ್ಲು ಉಳಿಯುತ್ತಿತ್ತು.

ಆಕ್ಷೇಪಣೆಗಳಿಗೆ ಉತ್ತರಿಸುತ್ತೇನೆ. "ಹೊಟ್ಟೆಗೇನು?" ಎಂಬುದು ಮೊದಲನೆಯದು. ಇದು ಹಗುರವಾದ ಪ್ರಶ್ನೆಯಲ್ಲ. ಪರಊರಿನಲ್ಲಿ ಬಾಡಿಗೆಯ ಮನೆಯಿಂದ ಸಂಸಾರ ಆರಂಭಿಸಿದ ತಂದೆತಾಯಿಯರ ಭಯ ನನಗೆ ಗೊತ್ತು. ಕಲಾ ಪದವಿ ಪಡೆದು ಕೆಲಸವಿಲ್ಲದೆ ಕುಳಿತವರಿದ್ದಾರೆ, ನಿಜ. ಹಾಗೆಯೇ ಸಿ.ಎ. ಪರೀಕ್ಷೆಯ ಪ್ರತಿ ಸರದಿಯಲ್ಲೂ ತೇರ್ಗಡೆಯಾದವರಿಗಿಂತ ಅನುತ್ತೀರ್ಣರಾದವರೇ ಹೆಚ್ಚು. ನನ್ನ ಕಚೇರಿಗೆ ತರಬೇತಿಗೆ ಬರುವ ಹುಡುಗರಲ್ಲಿ ಲೆಕ್ಕದಲ್ಲಿ ಎಳ್ಳಷ್ಟೂ ಮನಸ್ಸಿಲ್ಲದೆ, ಮನೆಯವರ ಮಾತಿಗೆ ಕಟ್ಟುಬಿದ್ದು ಬಂದವರು ಐದಾರು ವರ್ಷ ಸವೆಸಿ ಹೋಗುವುದನ್ನು ಕಂಡಿದ್ದೇನೆ. ಮನಸ್ಸಿಲ್ಲದ ವಿಷಯದಲ್ಲಿ ಸೋತವನಿಗೂ ಹೊಟ್ಟೆಯಿರುತ್ತದೆ. ಒಲಿದ ವಿಷಯದಲ್ಲಿ ಮೊದಲ ಸಾಲಿನಲ್ಲಿರುವ ಮಗುವನ್ನು ಒಲ್ಲದ ವಿಷಯದ ಕೊನೆಯ ಸಾಲಿಗೆ ತಳ್ಳುವುದು ಭದ್ರತೆಯಲ್ಲ.

"ಹೆಣ್ಣುಮಕ್ಕಳಿಗೆ ಆರ್ಟ್ಸ್ ಆದರೂ ನಡೆದೀತು" ಎಂಬುದು ಎರಡನೆಯದು. ಅಂಕ ಕಡಿಮೆಯಾದ ಹೆಣ್ಣುಮಗಳನ್ನು, ಮದುವೆಯಾಗುವವರೆಗೆ ಇರಲೆಂದು, ಕಲಾ ವಿಭಾಗಕ್ಕೆ ಸೇರಿಸುವವರೂ ಇದೇ ಜನ. ಓದುವ ಮಗುವಿಗೆ ಬೇಡ, ಓದದ ಮಗುವಿಗೆ ಸಾಕು ಎಂದರೆ, ವಿಷಯಕ್ಕೂ ಅಪಮಾನ, ಮಗುವಿಗೂ ಅಪಮಾನ.

"ಧರ್ಮದ ಪಾಠಶಾಲೆ ಇದೆಯಲ್ಲ" ಎಂಬುದು ಮೂರನೆಯದು. ಪಾಠಶಾಲೆ ಬೇಕು. ಅಲ್ಲಿ ಮಗು ತತ್ತ್ವವನ್ನು ಕಲಿಯುತ್ತದೆ. ಆದರೆ ಆ ತತ್ತ್ವವನ್ನು ನಂಬುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಹೇಗೆ ಕಾಯುತ್ತದೆ, ಎಲ್ಲಿ ಮಿತಿ ಹಾಕುತ್ತದೆ ಎಂಬುದನ್ನು ರಾಜ್ಯಶಾಸ್ತ್ರವೇ ಕಲಿಸಬೇಕು.

ಈಗ ಟ್ರಸ್ಟುಗಳ ಮಾತು. ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ವಿಧಿ ನೀಡಿದೆ. ಈ ವಿಧಿಯ ಆಶ್ರಯದಲ್ಲಿ ತೆರೆದು, ವಿಜ್ಞಾನ ಮತ್ತು ವಾಣಿಜ್ಯ ವಿಭಾಗಗಳನ್ನಷ್ಟೇ ನಡೆಸುವ ಜೂನಿಯರ್ ಕಾಲೇಜುಗಳ ಲೆಕ್ಕಪತ್ರವನ್ನು ನಾನು ನೋಡಿದ್ದೇನೆ. ಅಂದರೆ, ಸಂವಿಧಾನದ ಹಕ್ಕಿನಿಂದ ನಿಂತ ಕಾಲೇಜಿನಲ್ಲಿ ಆ ಸಂವಿಧಾನವನ್ನು ಕಲಿಸುವ ವಿಷಯಕ್ಕೆ ಒಂದು ಕೊಠಡಿಯಿಲ್ಲ! "ಬೇಡಿಕೆಯಿಲ್ಲ" ಎಂಬುದು ಅವರ ಸಮಜಾಯಿಷಿ. ವೇದಿಕೆಯ ಮೇಲೆ ನಗುವವರೂ ನೀವೇ, ಬೇಡಿಕೆಯಿಲ್ಲವೆನ್ನುವವರೂ ನೀವೇ.

ಪರಊರಿನಲ್ಲಿರುವ ಕನ್ನಡ ಜೈನರಿಗೆ ಈ ಮಾತು ಇನ್ನೂ ಹತ್ತಿರದ್ದು. ನಮ್ಮ ಮಕ್ಕಳು ಇಲ್ಲಿ ಹುಟ್ಟಿದ್ದಾರೆ; ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು. ತಾವು ಎಲ್ಲಿಯವರೆಂದು ಅವರಿಗೆ ತಿಳಿಸುವುದು ಇತಿಹಾಸವಲ್ಲದೆ ಬೇರೇನು? 1920ರ ಡಿಸೆಂಬರಿನಲ್ಲಿ ಇದೇ ನಾಗಪುರದ ಕಾಂಗ್ರೆಸ್ ಅಧಿವೇಶನಕ್ಕೆ ಕರ್ನಾಟಕದಿಂದ ನೂರಾರು ಪ್ರತಿನಿಧಿಗಳು ಬಂದಿದ್ದರು. ಪ್ರಾಂತೀಯ ಸಮಿತಿಗಳನ್ನು ಭಾಷಾವಾರು ರಚಿಸಲು ಇಲ್ಲಿ ಒಪ್ಪಿಗೆಯಾಯಿತು, ಕರ್ನಾಟಕಕ್ಕೆ ತನ್ನದೇ ಪ್ರಾಂತೀಯ ಸಮಿತಿ ದೊರೆಯಿತು. 1956ರ ಏಕೀಕರಣದ ಒಂದು ಮುಖ್ಯ ಮೆಟ್ಟಿಲು ಈ ಊರಿನಲ್ಲಿದೆ. ಅದೇ 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ದೀಕ್ಷಾಭೂಮಿಯೂ ಇಲ್ಲಿದೆ. ಇಂತಹ ಊರಿನಲ್ಲಿ ಬೆಳೆದ ಮಗುವಿಗೆ ಇವೆರಡರ ಅರ್ಥವೂ ತಿಳಿಯದಿದ್ದರೆ, ಅದು ಈ ಊರಿನಲ್ಲಿ ವಾಸಿಸಿತು ಎನ್ನಬಹುದೇ ಹೊರತು ಬೆಳೆಯಿತು ಎನ್ನಲಾಗದು.

ಆದ್ದರಿಂದ ಸಾಧರ್ಮಿ ಬಂಧುಗಳಲ್ಲಿ ನನ್ನ ಬೇಡಿಕೆಗಳು ಇವು. ನಮ್ಮ ಟ್ರಸ್ಟುಗಳ ಜೂನಿಯರ್ ಕಾಲೇಜುಗಳು ಕಲಾ ವಿಭಾಗವನ್ನು ತೆರೆಯಲಿ. ಮೊದಲ ವರ್ಷ ಹತ್ತೇ ಮಕ್ಕಳು ಬಂದರೂ ನಡೆಸಲಿ. ವಿದ್ಯಾರ್ಥಿವೇತನದ ನಿಯಮಗಳಿಂದ "ವೃತ್ತಿಪರ ಕೋರ್ಸುಗಳಿಗೆ ಮಾತ್ರ" ಎಂಬ ಸಾಲನ್ನು ತೆಗೆಯಲಿ. ಪ್ರತಿಭಾ ಪುರಸ್ಕಾರದಲ್ಲಿ ಸಮಾಜ ವಿಜ್ಞಾನಕ್ಕೂ ಒಂದು ಬಹುಮಾನವಿರಲಿ. ಪಂಚಕಲ್ಯಾಣದ ಒಂದು ಕಲಶದ ಸವಾಲಿನಲ್ಲಿ ಬರುವ ಹಣ, ಒಬ್ಬ ವಿದ್ಯಾರ್ಥಿಗೆ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿಯವರೆಗೆ ಸಾಕಾದೀತು. ಈ ಲೆಕ್ಕವನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಮಾಡಿ ತೋರಿಸಬಲ್ಲೆ. ತಂದೆತಾಯಿಯರು ಮಗುವಿಗೆ ಮನೆಯಲ್ಲಿ ಕನ್ನಡ ಅಕ್ಷರ ಕಲಿಸಲಿ. ಶಾಸನಕ್ಕೆ ಹೋಗುವ ಮೊದಲ ಮೆಟ್ಟಿಲು ಅದು. ಮತ್ತು ಹನ್ನೊಂದನೆಯ ತರಗತಿಯ ಅರ್ಜಿಯನ್ನು ತುಂಬುವ ದಿನ, "ಸೈನ್ಸೋ, ಕಾಮರ್ಸೋ" ಎಂದು ಕೇಳದೆ, "ನಿನಗೆ ಏನು ಇಷ್ಟ?" ಎಂದು ಕೇಳಿ, ಬಂದ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲಿ.

ಆ ಹುಡುಗಿ ವಾಣಿಜ್ಯ ವಿಭಾಗಕ್ಕೆ ಸೇರಿದಳೆಂದು ತಿಳಿಯಿತು. ಅವಳ ತಂದೆಗೆ ನಾನು ಫೋನು ಮಾಡಿದೆ. ವಿಭಾಗ ಬದಲಿಸಲು ಸಮಯ ಮೀರಿತ್ತು. "ಆವತ್ತು ನೀವು ಒಂದು ಮಾತು ಹೇಳಿದ್ದರೆ ನಾನು ಧೈರ್ಯ ಮಾಡುತ್ತಿದ್ದೆ ಸಾಹೇಬರೇ" ಎಂದರು ಅವರು. ಮುಂದಿನ ಫಲಿತಾಂಶದ ಹಂಗಾಮು ಬರುತ್ತಿದೆ. ವೇದಿಕೆಯ ಮೇಲೆ ಕುಳಿತುಕೊಳ್ಳುವ ನಮ್ಮಂತಹವರು ಈ ಬಾರಿ ಆ ಒಂದು ಮಾತನ್ನು ಸಮಯಕ್ಕೆ ಸರಿಯಾಗಿ ಹೇಳೋಣ.

ಜೈ ಜಿನೇಂದ್ರ.